ಹುಬ್ಬಳ್ಳಿ–ದಿಲ್ಲಿ ಒಂದು ಟಿಕೆಟ್, ದಿಲ್ಲಿ–ಲಂಡನ್ ಬೇರೆ ಟಿಕೆಟ್. ನಡುವೆ ಮೂರೂವರೆ ತಾಸು ಸಾಕಾ?

ಸಾಕಾಗಲ್ಲ ರೀ. ನಾನೂ ಇದೇ ಲೆಕ್ಕ ಹಾಕಿದ್ದೆ.

ಲಂಡನ್‌ನಲ್ಲಿರುವ ತಂಗಿಯ ಬಾಣಂತನಕ್ಕೆ ಅವ್ವನನ್ನು ಕರೆದುಕೊಂಡು ಹೊರಟಿದ್ದೆ. ಹುಬ್ಬಳ್ಳಿ ವಿಮಾನ ಸ್ವಲ್ಪ ತಡವಾಯಿತು. ಆದರೂ ಕೈಯಲ್ಲಿ ಸಮಯ ಇತ್ತು. ಇಳಿದಿದ್ದು ದಿಲ್ಲಿಯ ಟರ್ಮಿನಲ್ 1ರಲ್ಲಿ. ಲಂಡನ್ ವಿಮಾನ ಹೊರಡುವುದು ಟರ್ಮಿನಲ್ 3ರಿಂದ.

ತಪ್ಪಾಗಿದ್ದು ಇಲ್ಲೇ. ಎರಡೂ ಟಿಕೆಟ್‌ನಲ್ಲಿ ದಿಲ್ಲಿ ಅಂತ ಇದ್ದದ್ದು ನೋಡಿದೆ, ಟೈಮ್ ನೋಡಿದೆ, ಟರ್ಮಿನಲ್ ನಂಬರ್ ನೋಡಲಿಲ್ಲ. ಏರ್‌ಪೋರ್ಟ್ ಒಂದೇ ಅಂದಮೇಲೆ ಕಟ್ಟಡವೂ ಒಂದೇ ಅಂದುಕೊಂಡೆ. ನಮ್ಮ ಹುಬ್ಬಳ್ಳಿಯ ಗೋಕುಲ ರಸ್ತೆಯ ಏರ್‌ಪೋರ್ಟ್‌ನಲ್ಲಿ ಹಾಗೇ ಅಲ್ವಾ? ದಿಲ್ಲಿಯಲ್ಲಿ ಹಾಗಲ್ಲ. ಟರ್ಮಿನಲ್ 2 ಮತ್ತು 3 ಅಕ್ಕಪಕ್ಕ, ನಡೆದೇ ಹೋಗಬಹುದು. 1 ಮಾತ್ರ ಆಚೆ ದಿಕ್ಕಿಗೆ. ಹೊರಗೆ ಬಂದು ರಸ್ತೆ ಹಿಡಿದು ಕಿಲೋಮೀಟರ್‌ಗಟ್ಟಲೆ ಸುತ್ತಬೇಕು. ಮೆಟ್ರೋ ಕೂಡ ಬೇರೆ ಬೇರೆ: 1ಕ್ಕೆ ಮೆಜೆಂಟಾ ಲೈನ್, 3ಕ್ಕೆ ಏರ್‌ಪೋರ್ಟ್ ಎಕ್ಸ್‌ಪ್ರೆಸ್.

ಟಿಕೆಟ್ ಎರಡಾದ್ದರಿಂದ ಲಗೇಜ್ ತಾನಾಗಿ ಮುಂದೆ ಹೋಗುವುದಿಲ್ಲ. ಅಂಟಿನ ಉಂಡಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿ ತುಂಬಿದ ಬ್ಯಾಗ್‌ಗಳಿಗೆ ಬೆಲ್ಟ್ ಮುಂದೆ ಕಾದೆವು. ಆಮೇಲೆ ಟ್ಯಾಕ್ಸಿ, ಟ್ರಾಫಿಕ್, ಗೇಟಿನಲ್ಲಿ ಪಾಳಿ. ವಿಮಾನ ಹೊರಡಲು ಇನ್ನೂ ಮುಕ್ಕಾಲು ತಾಸು ಇತ್ತು, ಕೌಂಟರ್ ಮುಚ್ಚಿತ್ತು. ಇಂಟರ್‌ನ್ಯಾಷನಲ್ ಕೌಂಟರ್ ಸಾಮಾನ್ಯವಾಗಿ ಒಂದು ತಾಸು ಮೊದಲೇ ಮುಚ್ಚುತ್ತದೆ. ವೆಬ್ ಚೆಕ್-ಇನ್ ಆಗಿದೆ ಅಂದರೂ ಬ್ಯಾಗ್ ತಗೊಳ್ಳಲಿಲ್ಲ. ನಾವು ಹತ್ತಲಿಲ್ಲ ಅಂತ ಅದೇ ಟಿಕೆಟ್‌ನಲ್ಲಿದ್ದ ವಾಪಸ್ ಪ್ರಯಾಣವೂ ರದ್ದಾಯಿತು. ಹೊಸ ಟಿಕೆಟ್ ಮಾಡಿಸಿ ಲಂಡನ್ ಮುಟ್ಟುವಷ್ಟರಲ್ಲಿ ತಂಗಿಯ ಹೆರಿಗೆ ಆಗಿಹೋಗಿತ್ತು. ಪಕ್ಕದಲ್ಲಿ ಇರಲಾಗಲಿಲ್ಲ ಅನ್ನುವ ಸಂಕಟ ಅವ್ವನಿಗೆ ಇವತ್ತಿಗೂ ಇದೆ.

ಹಾಗಾದರೆ ಐದು ತಾಸು ಸಾಕಾ ಅಂತಲೂ ಕೇಳಬೇಡಿ. ಟಿಕೆಟ್ ಎರಡಿದ್ದರೆ, ಎಷ್ಟು ತಾಸು ಇಟ್ಟುಕೊಂಡರೂ ತಡವಾದ ಹೊಣೆ ನಿಮ್ಮ ತಲೆ ಮೇಲೆಯೇ. ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್‌ನಲ್ಲಿ, ಲಂಡನ್‌ವರೆಗೆ ಮಾಡಿಸಿ. ಮೊದಲ ವಿಮಾನ ತಡವಾಗಿ ಮುಂದಿನದು ತಪ್ಪಿದರೆ ಬೇರೆ ವಿಮಾನದಲ್ಲಿ ಕಳಿಸುವ ಕೆಲಸ ಕಂಪನಿಯದು. ಅದು ಸಿಗಲಿಲ್ಲವಾ? ದಿಲ್ಲಿಯನ್ನೇ ಬಿಡಿ. ರಾತ್ರಿ ರೈಲಿಗೆ ಬೆಂಗಳೂರಿಗೆ ಹೋಗಿ, ಅಲ್ಲಿಂದಲೇ ಲಂಡನ್‌ಗೆ ನೇರ ವಿಮಾನ ಇದೆ.

ಟಿಕೆಟ್ ಈಗಾಗಲೇ ಆಗಿದ್ದರೆ, ಹುಬ್ಬಳ್ಳಿ ಟಿಕೆಟನ್ನು ಹಿಂದಿನ ದಿನಕ್ಕೆ ಬದಲಾಯಿಸಿ, ಟರ್ಮಿನಲ್ 3ರ ಹತ್ತಿರದ ಏರೋಸಿಟಿಯ ಹೋಟೆಲ್‌ನಲ್ಲಿ ರಾತ್ರಿ ಉಳಿಯಿರಿ. ಡಿಸೆಂಬರ್, ಜನವರಿಯ ಪ್ರಯಾಣ ಆದರೆ ಇದನ್ನು ತಪ್ಪಿಸಲೇಬೇಡಿ. ದಿಲ್ಲಿ ಮಂಜಿಗೆ ವಿಮಾನಗಳು ತಾಸುಗಟ್ಟಲೆ ತಡವಾಗುತ್ತವೆ.