ಪುಶ್ ಮಾಡಲು ಹೆದರಿದವರು

ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ತಂತ್ರಾಂಶದಲ್ಲಿ, ತಾನು ಬರೆದ ಕೋಡನ್ನು ತಂಡದ ಸಂಗ್ರಹಕ್ಕೆ ಕಳಿಸುವುದೇ ಪುಶ್. ಅದರ ಭಯ ಹೊತ್ತು ಈ ವರ್ಷ ಆಪ್ತಸಲಹೆಗಾರ್ತಿಯಾದ ನನ್ನೆದುರು ಕುಳಿತವರಲ್ಲಿ ಈತ ನಾಲ್ಕನೆಯವರು. ಅದಕ್ಕೇ ಅವರ ಒಪ್ಪಿಗೆ ಪಡೆದು, ಗುರುತು ಮರೆಸಿ ಬರೆಯುತ್ತಿದ್ದೇನೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಫೋರ್ಸ್ ಪುಶ್ (ಗಿಟ್ ಬೇಡವೆಂದರೂ ಒತ್ತಾಯದಿಂದ ಕಳಿಸುವುದು) ಮಾಡಿ, ತಂಡದ ಬ್ರ್ಯಾಂಚಿನಲ್ಲಿ, ಅಂದರೆ ಕೋಡಿನ ಕವಲಿನಲ್ಲಿ, ಇದ್ದ ಸಹೋದ್ಯೋಗಿಯ ಕಮಿಟ್‌ಗಳನ್ನು (ದಾಖಲಿಸಿಟ್ಟ ಬದಲಾವಣೆಗಳನ್ನು) ಅಳಿಸಿದ್ದರು. ಎಲ್ಲರೆದುರು ಬೈಸಿಕೊಂಡರು. ಅಂದಿನಿಂದ ಕಮಿಟ್ ಕೂಡ ಮಾಡದೆ ಕೋಡನ್ನು ವಾರಗಟ್ಟಲೆ ತಮ್ಮಲ್ಲೇ ಇಟ್ಟುಕೊಳ್ಳತೊಡಗಿದರು. ಕೊನೆಗೆ ಮರ್ಜ್ ಮಾಡಹೊರಟರೆ, ಅಂದರೆ ತಂಡದ ಕೋಡಿನೊಂದಿಗೆ ಸೇರಿಸಹೊರಟರೆ, ರಾಶಿ ಕಾನ್‌ಫ್ಲಿಕ್ಟ್ (ಒಂದೇ ಜಾಗದ ಎರಡು ತಿದ್ದುಪಡಿಗಳ ಘರ್ಷಣೆ), ಮತ್ತೆ ಬೈಗುಳ.

ಮೂರನೆಯ ಭೇಟಿಗೆ ಲ್ಯಾಪ್‌ಟಾಪ್ ತರಲು ಹೇಳಿದೆ. ಹಿಂದೆ ನಾನೂ ಕೋಡ್ ಬರೆದು ಬದುಕಿದವಳು. ಬೇರ್ ರೆಪೊಸಿಟರಿಯೊಂದನ್ನು (ಕಮಿಟ್‌ಗಳಷ್ಟೇ ಇರುವ, ಎಲ್ಲರೂ ಪುಶ್ ಮಾಡುವ ಸಂಗ್ರಹ) ಮಾಡಿಸಿ, ಅದರ ಎರಡು ಕ್ಲೋನ್ (ನಕಲು) ತೆಗೆಸಿದೆ. ಫೋಲ್ಡರುಗಳಿಗೆ ‘ನಾನು’, ‘ಅವರು’ ಎಂದು ಹೆಸರಿಟ್ಟರು. ಎರಡರಲ್ಲೂ ಒಂದೇ ಸಾಲನ್ನು ಬೇರೆ ಬೇರೆಯಾಗಿ ತಿದ್ದಿ ಕಮಿಟ್ ಮಾಡಿದರು. ‘ಅವರು’ ಫೋಲ್ಡರಿನಿಂದ ಮೊದಲು ಪುಶ್ ಆಯಿತು. ‘ನಾನು’ ಫೋಲ್ಡರಿನ ಪುಶ್ಶನ್ನು, ಅದರಲ್ಲಿ ಆ ಕಮಿಟ್ ಇಲ್ಲದ ಕಾರಣ, ಗಿಟ್ ನಿರಾಕರಿಸಿತು.

“ಅಂದು ಮಾಡಿದ್ದನ್ನೇ ಈಗ ಮಾಡಿ” ಎಂದೆ.

ಎಂಟರ್ ಕೀಲಿಯ ಮೇಲೆ ಬೆರಳು ಬಹಳ ಹೊತ್ತು ನಿಂತಿತು. ಒತ್ತಿದರು. ರೆಪೊಸಿಟರಿಯ ಬ್ರ್ಯಾಂಚಿನಿಂದ ಇನ್ನೊಬ್ಬರ ಕಮಿಟ್ ಮಾಯ. ‘ಅವರು’ ಫೋಲ್ಡರ್ ತೆರೆಯಿಸಿದೆ. ಸಾಲು ಅಲ್ಲೇ ಇತ್ತು.

“ಹಾಗಾದರೆ ಅಂದೂ ಅವರ ಕೆಲಸ ಅವರ ಕಂಪ್ಯೂಟರಿನಲ್ಲಿ ಇದ್ದೇ ಇತ್ತಲ್ಲವೇ ಮೇಡಂ?”

ಇತ್ತು. ತಂಡದವರು ಅರ್ಧ ಗಂಟೆಯಲ್ಲಿ ಮರಳಿ ಸೇರಿಸಿಯೂ ಇದ್ದರಂತೆ. ಇವರ ಮನಸ್ಸಿನಲ್ಲಿ ಉಳಿದದ್ದು ಬೈಗುಳ ಮಾತ್ರ.

ಆಮೇಲೆ ರಿಫ್ಲಾಗ್, ಅಂದರೆ ಬ್ರ್ಯಾಂಚುಗಳು ಯಾವ ಯಾವ ಕಮಿಟ್‌ನಲ್ಲಿದ್ದವು ಎಂದು ಗಿಟ್ ನಮ್ಮ ಕಂಪ್ಯೂಟರಿನಲ್ಲಿ ಇಡುವ ದಿನಚರಿ, ತೋರಿಸಿದೆ. ಯಾವ ಬ್ರ್ಯಾಂಚಿಗೂ ಸೇರದೆ ಉಳಿದ ಕಮಿಟ್‌ಗಳ ಜಾಡನ್ನೂ ಅದು, ಸೆಟ್ಟಿಂಗ್ ಬದಲಿಸದಿದ್ದರೆ, 30 ದಿನ ಇಟ್ಟುಕೊಳ್ಳುತ್ತದೆ. ಕಮಿಟ್ಟೇ ಆಗದ ಸಾಲು ಅದರಲ್ಲಿ ಇರುವುದಿಲ್ಲ. ಸುರಕ್ಷಿತವೆಂದು ಅವರು ಬಚ್ಚಿಟ್ಟುಕೊಂಡದ್ದೇ ಎಲ್ಲಕ್ಕಿಂತ ಅಪಾಯದಲ್ಲಿತ್ತು.

ನಾನು ಕೊಟ್ಟ ಸಲಹೆ: ದಿನಕ್ಕೆ 20 ನಿಮಿಷ ಆ ಎರಡು ಫೋಲ್ಡರುಗಳಲ್ಲಿ ಬೇಕೆಂದೇ ಕೆಡಿಸಿ, ಸರಿಪಡಿಸಿ. ಹಂಚಿಕೊಂಡ ಬ್ರ್ಯಾಂಚಿನಲ್ಲಿ ತಪ್ಪಾದರೆ ಇತಿಹಾಸ ಅಳಿಸಬೇಡಿ, ರಿವರ್ಟ್ ಮಾಡಿ (ತಪ್ಪನ್ನು ರದ್ದುಮಾಡುವ ಹೊಸ ಕಮಿಟ್ ಸೇರಿಸಿ). ಸಣ್ಣ ಸಣ್ಣ ಕಮಿಟ್ ಮಾಡಿ.

ಇದು ತಾಂತ್ರಿಕ ತರಬೇತಿ, ಆಪ್ತಸಲಹೆಯಲ್ಲ ಎಂದು ಸಹ-ಸಲಹೆಗಾರರೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಬೆರಳಿನಲ್ಲಿ ಕುಳಿತ ಭಯ “ಧೈರ್ಯವಾಗಿರಿ” ಎಂದರೆ ಇಳಿಯುವುದಿಲ್ಲ. ಕೆಟ್ಟದ್ದನ್ನು ತಾನೇ ಸರಿಪಡಿಸಿದ ಅನುಭವ ಆ ಬೆರಳಿಗೇ ಆಗಬೇಕು. ತಂಡದ ಮುಖ್ಯಸ್ಥರಿಗೂ ಒಂದು ಮಾತು: ಮುಖ್ಯ ಬ್ರ್ಯಾಂಚಿಗೆ ಫೋರ್ಸ್ ಪುಶ್ ತಡೆಯುವ ವ್ಯವಸ್ಥೆ ಇದ್ದೇ ಇದೆ. ಅದನ್ನು ಹಾಕದೆ ಹೊಸಬರನ್ನು ಬೈಯುವುದು ನ್ಯಾಯವಲ್ಲ.

ಕಳೆದ ಭೇಟಿಯಲ್ಲಿ ಕೇಳಿದೆ. ಪುಶ್ ಮಾಡುವಾಗ ಬೆರಳು ಈಗಲೂ ಒಮ್ಮೆ ನಿಲ್ಲುತ್ತದಂತೆ. ಆ ಕ್ಷಣದಲ್ಲಿ ಬ್ರ್ಯಾಂಚಿನ ಹೆಸರು ಓದಿಕೊಳ್ಳುತ್ತಾರಂತೆ.