ಮಗಳಿಗೆ ಸಿನಿಮಾ ಕ್ಯಾಮೆರಾ ಕಲಿಸಬೇಕೆಂದಿರುವ ಸಿಂಧನೂರಿನ ಅಣ್ಣನವರಿಗೆ

ಅಣ್ಣಾರೇ, ನಮಸ್ಕಾರ. ನಮ್ಮ ಗುಂಪಿನಲ್ಲಿ ನೀವು ಹಾಕಿದ ಪ್ರಶ್ನೆ ಓದಿದೆ. ಮಗಳು ಎಸ್‌ಎಸ್‌ಎಲ್‌ಸಿ ಮುಗಿಸಿದ್ದಾಳೆ, ಸಿನಿಮಾದಲ್ಲಿ ಕ್ಯಾಮೆರಾ ಕೆಲಸವೇ ಮಾಡ್ತೀನಿ ಅಂತ ಹಟ ಹಿಡಿದಿದ್ದಾಳೆ. ಬೆಂಗಳೂರಿನ ಒಂದು ಖಾಸಗಿ ಅಕಾಡೆಮಿಯವರು ಆರು ತಿಂಗಳ ಕೋರ್ಸ್‌ಗೆ ಮೂರು ಲಕ್ಷ ಕೇಳಿದ್ದಾರೆ, ಸೇರಿಸಲಾ ಬೇಡವಾ ಅಂತ ಕೇಳಿದ್ದೀರಿ. ಅದರ ಕೆಳಗೆ ಒಬ್ಬರು "ಹೆಣ್ಣುಮಗಳಿಗೆ ಸಿನಿಮಾ ಯಾಕೆ" ಅಂತ ಬರೆದಿದ್ದಾರೆ. ಇನ್ನೊಬ್ಬರು "ಟ್ಯಾಲೆಂಟ್ ಇದ್ದರೆ ಓದೇ ಬೇಡ" ಅಂದಿದ್ದಾರೆ. ಎರಡೂ ಮಾತು ನನಗೆ ಒಪ್ಪಿಗೆ ಇಲ್ಲ. ಬೆಂಗಳೂರಿನಲ್ಲಿ ಕೆಲವು ವರ್ಷ ಎಡಿಟಿಂಗ್ ಅಸಿಸ್ಟೆಂಟ್ ಆಗಿದ್ದೆ, ಈಗ ಗಂಗಾವತಿಯಲ್ಲಿ ಸಣ್ಣ ಸ್ಟುಡಿಯೊ ಇದೆ. ಆ ಅನುಭವದಿಂದ ಹೇಳುತ್ತಿದ್ದೇನೆ.

ಮೂರು ಲಕ್ಷ ಈಗ ಕೊಡಬೇಡಿ. ಅಕಾಡೆಮಿ ಕೆಟ್ಟದ್ದು ಅಂತಲ್ಲ, ಅದರ ಬಗ್ಗೆ ನನಗೇನೂ ತಕರಾರಿಲ್ಲ. ಹತ್ತನೇ ಕ್ಲಾಸ್ ಮುಗಿಸಿದ ಮಗು ಆರು ತಿಂಗಳ ಸರ್ಟಿಫಿಕೇಟ್ ಹಿಡಿದು ಗಾಂಧಿನಗರಕ್ಕೆ ಹೋದರೆ ಯಾರೂ ಅದನ್ನು ತೆರೆದು ನೋಡುವುದಿಲ್ಲ. ಅಲ್ಲಿ ನೋಡುವುದು ಮಾಡಿದ ಕೆಲಸ. ಇನ್ನು ನಿಜವಾಗಿ ಚೆನ್ನಾಗಿ ಕಲಿಸುವ ಸರ್ಕಾರಿ ಸಂಸ್ಥೆಗಳಿವೆಯಲ್ಲ, ಅವುಗಳಲ್ಲಿ ಹೆಚ್ಚಿನವು ಡಿಗ್ರಿ ಕೇಳುತ್ತವೆ. "ಸಿನಿಮಾ ಕೈಕೊಟ್ಟರೆ ಇರಲಿ ಅಂತ ಒಂದು ಡಿಗ್ರಿ" ಅಂತ ಎಲ್ಲರೂ ಹೇಳುತ್ತಾರೆ. ನಾನು ಹೇಳುವುದು ಬೇರೆ. ಸಿನಿಮಾ ಕಲಿಯುವುದಕ್ಕೇ ಡಿಗ್ರಿ ಬೇಕು.

ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್, ಅಂದರೆ ಎಫ್‌ಟಿಐಐ, 1960ರಲ್ಲಿ ಹಳೆಯ ಪ್ರಭಾತ್ ಸ್ಟುಡಿಯೊ ಜಾಗದಲ್ಲಿ ಶುರುವಾಯಿತು. ಕೋಲ್ಕತ್ತದ ಸತ್ಯಜಿತ್ ರೇ ಇನ್‌ಸ್ಟಿಟ್ಯೂಟ್ 1995ರದ್ದು. ಎರಡೂ ಕೇಂದ್ರ ಸರ್ಕಾರದವು. ನಿರ್ದೇಶನ, ಛಾಯಾಗ್ರಹಣ, ಎಡಿಟಿಂಗ್, ಸೌಂಡ್ ಇವಕ್ಕೆ ಮೂರು ವರ್ಷದ ಕೋರ್ಸ್. ಹೆಚ್ಚಿನವಕ್ಕೆ ಯಾವುದೇ ವಿಷಯದ ಡಿಗ್ರಿ ಆಗಿದ್ದರೂ ಅರ್ಜಿ ಹಾಕಬಹುದು. ಮೊದಲು ಬರೆಯುವ ಪರೀಕ್ಷೆ, ಅದರಲ್ಲಿ ಪಾಸಾದವರಿಗೆ ಸಂದರ್ಶನ. ಸೀಟು ಬಹಳ ಕಡಿಮೆ, ಪೈಪೋಟಿ ಜೋರು. ಮೀಸಲಾತಿ ಇದೆ.

ಅಲ್ಲಿಗೆ ಹೋದವರು ಏನು ಓದಿ ಹೋದರು ನೋಡಿ. ಗಿರೀಶ್ ಕಾಸರವಳ್ಳಿ ಅವರು ಮಣಿಪಾಲದಲ್ಲಿ ಬಿ ಫಾರ್ಮಾ ಮುಗಿಸಿ ಪುಣೆಗೆ ಹೋದವರು. ಸೌಂಡ್‌ಗೆ ಆಸ್ಕರ್ ಪಡೆದ ರೆಸೂಲ್ ಪೂಕುಟ್ಟಿ ಫಿಸಿಕ್ಸ್ ಓದಿದವರು. 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿಗಳ ವಿಭಾಗದಲ್ಲಿ ಮೊದಲ ಬಹುಮಾನ ಗೆದ್ದ ಚಿದಾನಂದ ನಾಯ್ಕ್ ಮೈಸೂರಿನಲ್ಲಿ ಎಂಬಿಬಿಎಸ್ ಮಾಡಿದ ಡಾಕ್ಟರ್. ಎಫ್‌ಟಿಐಐನ ಒಂದು ವರ್ಷದ ಟಿವಿ ಕೋರ್ಸ್‌ನಲ್ಲಿದ್ದಾಗ ಮಾಡಿದ ಕಿರುಚಿತ್ರ ಅದು. ಕನ್ನಡದ ಚಿತ್ರ, ನಮ್ಮ ಕಡೆ ಅಜ್ಜಿಯರು ಹೇಳುವಂಥ ಜನಪದ ಕಥೆ. ಇದನ್ನು ಮಗಳಿಗೆ ತಪ್ಪದೆ ಹೇಳಿ.

ಡಿಗ್ರಿವರೆಗೆ ಕಾಯಲು ಆಗದಿದ್ದರೆ ನಮ್ಮ ರಾಜ್ಯದಲ್ಲೇ ಒಂದು ದಾರಿ ಇದೆ. ಬೆಂಗಳೂರಿನ ಹತ್ತಿರ ಹೆಸರಘಟ್ಟದಲ್ಲಿ ಸರ್ಕಾರಿ ಫಿಲ್ಮ್ ಮತ್ತು ಟೆಲಿವಿಷನ್ ಇನ್‌ಸ್ಟಿಟ್ಯೂಟ್ ಇದೆ. ಸಿನಿಮಾಟೋಗ್ರಫಿ ಮತ್ತು ಸೌಂಡ್ ರೆಕಾರ್ಡಿಂಗ್ ಡಿಪ್ಲೊಮಾ ಅಲ್ಲಿದೆ. ಇವು ಮೊದಲು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿದ್ದ ಕೋರ್ಸ್‌ಗಳು. ವಿ. ಕೆ. ಮೂರ್ತಿ ಕ್ಯಾಮೆರಾ ಕಲಿತದ್ದು ಆ ಪಾಲಿಟೆಕ್ನಿಕ್‌ನಲ್ಲೇ. 2008ರ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಕ್ಯಾಮೆರಾಮನ್ ಒಬ್ಬರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಹೆಸರಘಟ್ಟದ ಪ್ರವೇಶದ ಪ್ರಕಟಣೆ ತಾಂತ್ರಿಕ ಶಿಕ್ಷಣ ಇಲಾಖೆಯಿಂದ ಬರುತ್ತದೆ, ಅದರ ಮೇಲೆ ಕಣ್ಣಿಡಿ.

ಇಲ್ಲಿ ನಮಗೆ ಒಂದು ಅನುಕೂಲ ಇದೆ, ಅದನ್ನು ಬಹಳ ಜನ ಮರೆಯುತ್ತಾರೆ. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ 371(ಜೆ) ವ್ಯಾಪ್ತಿಗೆ, ಅಂದರೆ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ ವಿಧಿಗೆ ಬರುತ್ತವೆ. ನಮ್ಮ ಭಾಗದ ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8ರಷ್ಟು ಸೀಟು ನಮ್ಮ ಮಕ್ಕಳಿಗೆ ಮೀಸಲು. ಅದಕ್ಕೆ ಸಹಾಯಕ ಆಯುಕ್ತರ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರ ಬೇಕು. ಅಡ್ಮಿಷನ್ ಶುರುವಾದ ಮೇಲೆ ಎಲ್ಲರೂ ಒಟ್ಟಿಗೆ ಓಡುತ್ತಾರೆ, ಆಗ ತಡವಾಗುತ್ತದೆ. ಈಗಲೇ ಮಾಡಿಸಿಟ್ಟುಕೊಳ್ಳಿ. ಜಾತಿ, ಆದಾಯ ಪ್ರಮಾಣಪತ್ರವನ್ನೂ ಜೊತೆಗೇ ಮಾಡಿಸಿ, ಸ್ಕಾಲರ್‌ಶಿಪ್‌ಗೆ ಬೇಕಾಗುತ್ತದೆ.

ಪಿಯುಸಿಗೆ ಏನು ತೆಗೆದುಕೊಳ್ಳಬೇಕು? ಕ್ಯಾಮೆರಾ ಅಥವಾ ಸೌಂಡ್ ಅಂದರೆ ಬೆಳಕು, ಲೆನ್ಸ್, ಅಲೆ, ಕರೆಂಟು. ಲೆಕ್ಕ ಅವಳಿಗೆ ಕಷ್ಟ ಆಗದಿದ್ದರೆ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಸೈನ್ಸ್ ಒಳ್ಳೆಯದು. ಆದರೆ ಸೈನ್ಸ್ ಅಂದರೆ ಹೆದರಿಕೆ ಅಂತಿದ್ದರೆ ಒತ್ತಾಯ ಮಾಡಬೇಡಿ. ಆರ್ಟ್ಸ್‌ನಲ್ಲಿ ಐಚ್ಛಿಕ ಕನ್ನಡ, ಇತಿಹಾಸ, ಸಮಾಜಶಾಸ್ತ್ರ ಓದಿದ ಹುಡುಗಿಗೆ ಕಥೆ ಹೇಳುವ ಕಡೆ ಬಲ ಬರುತ್ತದೆ. ಆಮೇಲೆ ಪತ್ರಿಕೋದ್ಯಮದ ಡಿಗ್ರಿಯನ್ನು ನಮ್ಮ ಭಾಗದಲ್ಲೇ ಓದಬಹುದು. ಇಂಗ್ಲಿಷ್ ಮಾತ್ರ ಬಿಡಬಾರದು. ಓದಿ ಅರ್ಥ ಮಾಡಿಕೊಳ್ಳುವಷ್ಟು ಬಂದರೂ ಪ್ರವೇಶ ಪರೀಕ್ಷೆಗೆ ದಾರಿ ಸಲೀಸು.

ಇನ್ನೊಂದು ಮಾತು ನಿಮ್ಮ ಮಗಳಿಗೇ ನೇರವಾಗಿ ಹೇಳುತ್ತೇನೆ. ತಂಗಿ, ಕ್ಯಾಮೆರಾ ಅಂತ ಈಗಲೇ ಗಟ್ಟಿ ಮಾಡಿಕೊಳ್ಳಬೇಡ. ಹೊರಗಿನಿಂದ ನೋಡುವವರಿಗೆ ಕಾಣುವುದು ಹೀರೊ, ಡೈರೆಕ್ಟರ್, ಕ್ಯಾಮೆರಾಮನ್ ಅಷ್ಟೇ. ಒಳಗೆ ಫೋಕಸ್ ಪುಲ್ಲರ್ (ಚಿತ್ರ ಮಸುಕಾಗದಂತೆ ಲೆನ್ಸ್ ಹೊಂದಿಸುವವರು) ಇರುತ್ತಾರೆ, ಲೈಟ್ ಯೂನಿಟ್ ಇರುತ್ತದೆ, ಕಂಟಿನ್ಯೂಟಿ (ಒಂದು ಶಾಟ್‌ಗೂ ಮುಂದಿನದಕ್ಕೂ ಹೊಂದಿಕೆ ತಪ್ಪದಂತೆ ವಿವರ) ಬರೆಯುವವರು, ಕಾಸ್ಟ್ಯೂಮ್, ಕಲಾ ನಿರ್ದೇಶನ, ಡಬ್ಬಿಂಗ್, ಫೋಲಿ (ಹೆಜ್ಜೆ, ಬಾಗಿಲಿನಂಥ ಸದ್ದನ್ನು ಸ್ಟುಡಿಯೊದಲ್ಲಿ ಮಾಡಿ ಸೇರಿಸುವುದು), ಮಿಕ್ಸಿಂಗ್ (ಎಲ್ಲ ಸದ್ದನ್ನೂ ಹದವಾಗಿ ಕೂಡಿಸುವುದು), ಕಲರ್ ಗ್ರೇಡಿಂಗ್ (ಬಣ್ಣ ಸರಿಹೊಂದಿಸುವುದು) ಇರುತ್ತವೆ. ಸೌಂಡ್ ಚೆನ್ನಾಗಿ ಬಲ್ಲವರು ನಮ್ಮಲ್ಲಿ ಕಡಿಮೆ. ನಾನು ಎಡಿಟಿಂಗ್ ಟೇಬಲ್ ಮುಂದೆ ಕೂತು ನೋಡಿದ್ದು ಇದನ್ನೇ: ದೃಶ್ಯ ಚೆನ್ನಾಗಿರುತ್ತದೆ, ಮಾತು ಕೇಳಿಸುವುದಿಲ್ಲ. ಎರಡು ಮೂರು ಕೆಲಸ ಮುಟ್ಟಿ ನೋಡಿದ ಮೇಲೆ ಕೈ ಯಾವ ಕಡೆ ಓಡುತ್ತದೆ ಅಂತ ನಿನಗೇ ತಿಳಿಯುತ್ತದೆ.

ಮುಟ್ಟಿ ನೋಡುವುದಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ. ಮನೆಯಲ್ಲಿರುವ ಮೊಬೈಲ್ ಸಾಕು. ಮೂರು ನಿಮಿಷದ್ದು ಒಂದು ಮಾಡು, ಅದರಲ್ಲಿ ಯಾರೂ ಮಾತಾಡಬಾರದು. ನಾಟಿಗೆ ಹೋಗುವ ಹೆಂಗಸರ ಒಂದು ಬೆಳಗು ಆಗಬಹುದು. ರೈಸ್ ಮಿಲ್ಲಿನ ಹಮಾಲರು ಆಗಬಹುದು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಎಲ್ಲರ ಮೊಬೈಲ್‌ನಲ್ಲೂ ಆ ನೀರಿನ ವಿಡಿಯೊ ಇತ್ತು. ಆ ದಿನ ಕಾಲುವೆ ಕೊನೆಯ ಹೊಲದಲ್ಲಿ ನಿಂತ ರೈತನ ಮುಖವನ್ನು ತೆಗೆದಿದ್ದರೆ ಅದು ಸಿನಿಮಾ ಆಗುತ್ತಿತ್ತು. ಹಾಗೆ ನೋಡುವುದನ್ನು ರೂಢಿ ಮಾಡಿಕೋ.

ನಮ್ಮ ಬಿಸಿಲಿನಲ್ಲಿ ಮಧ್ಯಾಹ್ನ ಶೂಟ್ ಮಾಡಬೇಡ. ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ, ಏಪ್ರಿಲ್‌ನಲ್ಲಿ ಮೊಬೈಲ್ ಕಾದು ರೆಕಾರ್ಡಿಂಗೇ ನಿಲ್ಲುತ್ತದೆ. ಬೆಳಿಗ್ಗೆ ಎಂಟರೊಳಗೆ, ಇಲ್ಲವೇ ಸಂಜೆ ಐದರ ಮೇಲೆ ತೆಗೆ. ಮಧ್ಯಾಹ್ನವೇ ಬೇಕಾದರೆ ಬೇವಿನ ಮರದ ನೆರಳಿಗೆ ಬಾ, ಎದುರಿಗೆ ಬಿಳಿ ಥರ್ಮೋಕೋಲ್ ಹಿಡಿದರೆ ಮುಖಕ್ಕೆ ಬೆಳಕು ಬರುತ್ತದೆ. ದೊಡ್ಡ ಸೆಟ್‌ನಲ್ಲೂ ಥರ್ಮೋಕೋಲೇ ಹಿಡಿಯುತ್ತಾರೆ. ಝೂಮ್ ಬೇಡ, ನೀನೇ ಹತ್ತಿರ ಹೋಗು. ಮಾತು ಇರುವ ಚಿತ್ರಕ್ಕೆ ಇನ್ನೊಂದು ಮೊಬೈಲ್ ಅನ್ನು ಮಾತಾಡುವವರ ಜೇಬಿನಲ್ಲಿ ಇಟ್ಟು ಸೌಂಡ್ ಬೇರೆ ರೆಕಾರ್ಡ್ ಮಾಡಿಕೋ. ಶುರುವಿನಲ್ಲಿ ಒಂದು ಚಪ್ಪಾಳೆ ಹೊಡೆದರೆ ಆಮೇಲೆ ಎರಡನ್ನೂ ಕೂಡಿಸುವುದು ಸುಲಭ. ಪಂಪ್‌ಸೆಟ್, ಫ್ಯಾನ್ ಬಂದ್ ಮಾಡಿಸು. ಎಡಿಟಿಂಗ್‌ಗೆ ಕಂಪ್ಯೂಟರ್ ಸಿಕ್ಕರೆ ಡಾವಿಂಚಿ ರಿಸಾಲ್ವ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿ ಇದೆ, ಸೌಂಡ್‌ಗೆ ಆಡಾಸಿಟಿ. ಎರಡಕ್ಕೂ ದುಡ್ಡು ಬೇಡ.

ರಜೆಯಲ್ಲಿ ಸಿಂಧನೂರಿನ ಯಾವುದಾದರೂ ಒಳ್ಳೆಯ ಸ್ಟುಡಿಯೊದಲ್ಲಿ ಕೂರಿಸಿ ಅಣ್ಣಾರೇ. ಮದುವೆ ಸೀಸನ್‌ನಲ್ಲಿ ಅವರಿಗೆ ಜನ ಸಾಲುವುದಿಲ್ಲ. ಮದುವೆ ವಿಡಿಯೊ ಅಂತ ಸಣ್ಣದಾಗಿ ಕಾಣಬೇಡಿ. ಎರಡನೇ ಟೇಕ್ ಇಲ್ಲದ ಕೆಲಸ ಅದು, ತಾಳಿ ಕಟ್ಟುವ ಕ್ಷಣ ತಪ್ಪಿದರೆ ತಪ್ಪಿತು.

ನಮ್ಮ ಸುತ್ತಲಿನ ಕಲೆಯನ್ನೂ ತೋರಿಸಿ. ಬಳ್ಳಾರಿ ರಾಘವರಂಥ ನಟ ಓಡಾಡಿದ ನೆಲ ಇದು. ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆ ಆಟಕ್ಕೆ 2025ರಲ್ಲಿ ಪದ್ಮಶ್ರೀ ಬಂತು. ಪರದೆ ಹಿಂದೆ ದೀಪ, ಮುಂದೆ ಜನ, ನಡುವೆ ಬಣ್ಣದ ನೆರಳು. ಕ್ಯಾಮೆರಾ ಕಲಿಯುವ ಹುಡುಗಿ ಬೆಳಕಿನ ಪಾಠವನ್ನು ಇದಕ್ಕಿಂತ ಚೆನ್ನಾಗಿ ಎಲ್ಲಿ ನೋಡುತ್ತಾಳೆ? ಮುಂದೆ ನಟನೆಯ ಕಡೆ ಮನಸ್ಸು ತಿರುಗಿದರೆ ಹೆಗ್ಗೋಡಿನ ನೀನಾಸಂನಲ್ಲಿ ಒಂದು ವರ್ಷದ ರಂಗಶಿಕ್ಷಣ ಇದೆ, ಸಾಣೇಹಳ್ಳಿಯಲ್ಲೂ ಇದೆ. ಅಚ್ಯುತ್ ಕುಮಾರ್ ನೀನಾಸಂನಲ್ಲಿ ಕಲಿತವರು.

ಈಗ "ಹೆಣ್ಣುಮಗಳಿಗೆ ಯಾಕೆ" ಅನ್ನುವ ಮಾತು. ಬಿ. ಆರ್. ವಿಜಯಲಕ್ಷ್ಮಿ, ನಮ್ಮ ನಿರ್ದೇಶಕ ಬಿ. ಆರ್. ಪಂತುಲು ಅವರ ಮಗಳು, 1985ರಲ್ಲೇ ತಮಿಳು ಸಿನಿಮಾಕ್ಕೆ ಸ್ವತಂತ್ರವಾಗಿ ಕ್ಯಾಮೆರಾ ಹಿಡಿದರು. ಆ ಪ್ರಶ್ನೆಗೆ ಉತ್ತರ ಸಿಕ್ಕು ನಲವತ್ತು ವರ್ಷವೇ ಆಯಿತು. ಹಾಗಂತ ನಿಮ್ಮ ಚಿಂತೆ ಸುಳ್ಳಲ್ಲ. ಆಡಿಷನ್‌ಗೆ, ಪೋರ್ಟ್‌ಫೋಲಿಯೊಗೆ, "ಚಾನ್ಸ್ ಕೊಡಿಸ್ತೀವಿ" ಅನ್ನುವುದಕ್ಕೆ ಯಾರಾದರೂ ದುಡ್ಡು ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ. ಲಾಡ್ಜ್ ರೂಮಿಗೆ ಕರೆದರೆ ಹೋಗುವುದೇ ಬೇಡ. ಹದಿನೆಂಟು ತುಂಬುವ ತನಕ ಎಲ್ಲೇ ಶೂಟಿಂಗ್ ನೋಡಲು ಹೋದರೂ ಮನೆಯವರೊಬ್ಬರು ಜೊತೆಗಿರಲಿ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಕಿರುಕುಳ ಆಗದಂತೆ 2013ರ ಕಾನೂನು ಇದೆ, ಅದು ಸಿನಿಮಾ ಸೆಟ್‌ಗೂ ಅನ್ವಯಿಸುತ್ತದೆ. ಇದು ಅವಳಿಗೂ ಗೊತ್ತಿರಬೇಕು.

ದುಡ್ಡಿನ ಬಗ್ಗೆಯೂ ಮುಚ್ಚಿಡುವುದಿಲ್ಲ. ಕಲಿತು ಬಂದ ಮೇಲೂ ಮೊದಲ ಕೆಲವು ವರ್ಷ ಅಸಿಸ್ಟೆಂಟ್ ಆಗಿಯೇ ಇರಬೇಕು. ಬೇಟಾ, ಅಂದರೆ ದಿನದ ಭತ್ಯೆ ಬರುತ್ತದೆ, ಸಂಬಳ ನಿಯಮಿತ ಅಲ್ಲ, ಸಿನಿಮಾ ನಿಂತರೆ ಅದೂ ನಿಲ್ಲುತ್ತದೆ. ಬೆಂಗಳೂರಿನಲ್ಲಿ ರೂಮ್ ಬಾಡಿಗೆ ಕಟ್ಟಲೇಬೇಕು. ಆ ಮೂರು ಲಕ್ಷವನ್ನು ಆ ದಿನಗಳಿಗೆ ಇಟ್ಟುಕೊಳ್ಳಿ. ಆಗ ಅದರ ಬೆಲೆ ಇವತ್ತಿಗಿಂತ ಜಾಸ್ತಿ.

ತಂಗಿ ಆ ಮೂರು ನಿಮಿಷದ್ದು ಮಾಡಿದ ಮೇಲೆ ಇದೇ ಗುಂಪಿಗೆ ಹಾಕಲಿ, ನಾನು ಕೂತು ಶಾಟ್ ಶಾಟ್ ನೋಡಿ ಹೇಳುತ್ತೇನೆ. ವಾಟ್ಸಾಪ್‌ನಲ್ಲಿ ವಿಡಿಯೊ ಅಂತ ಕಳಿಸಿದರೆ ಕ್ವಾಲಿಟಿ ಕೆಟ್ಟುಹೋಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಲಿ, ಇಲ್ಲವೇ ಡ್ರೈವ್ ಲಿಂಕ್ ಹಾಕಲಿ. ಎಡಿಟ್ ಮಾಡದ ಮೂಲ ಫೈಲುಗಳನ್ನು ಮಾತ್ರ ಅಳಿಸಬಾರದು, ಅವೂ ನನಗೆ ಬೇಕು.