‘ರನ್’ ಕ್ರಿಯಾಪದಕ್ಕೆ ಅಷ್ಟೊಂದು ಅರ್ಥಗಳೇಕೆ?

ಪ್ರಶ್ನೆ: ಇಂಗ್ಲಿಷಿನ ‘ರನ್’ ಎಂಬ ಕ್ರಿಯಾಪದಕ್ಕೆ ಆರುನೂರಕ್ಕೂ ಹೆಚ್ಚು ಅರ್ಥಗಳಿವೆ ಎಂದು ಪ್ರೌಢಶಾಲೆಯಲ್ಲಿ ಓದುತ್ತಿರುವ ನನ್ನ ಮಗಳು ಹೇಳುತ್ತಾಳೆ. ಇದು ನಿಜವೇ? ನಿಜವಾದರೆ ಇವನ್ನೆಲ್ಲ ಮಕ್ಕಳು ಕಲಿಯುವುದು ಹೇಗೆ?
— ಓದುಗರೊಬ್ಬರು, ಧಾರವಾಡ

ಉತ್ತರ: ನಿಜ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೆಯ ಆವೃತ್ತಿಯಲ್ಲಿ ಅತಿ ದೀರ್ಘವಾದ ನಮೂದು ‘ಸೆಟ್’ ಎಂಬುದರದ್ದಾಗಿತ್ತು. 2011ರಲ್ಲಿ ಪರಿಷ್ಕೃತ ನಮೂದು ಸಿದ್ಧವಾದಾಗ ‘ರನ್’ ಅದನ್ನು ಹಿಂದಿಕ್ಕಿತು. ಸಂಪಾದಕರು ಕ್ರಿಯಾಪದವೊಂದಕ್ಕೇ 645 ಅರ್ಥಗಳನ್ನು ಗುರುತಿಸಿದರು. ಆದರೆ ಇವೆಲ್ಲ ಒಂದಕ್ಕೊಂದು ಸಂಬಂಧವಿಲ್ಲದ ಅರ್ಥಗಳಲ್ಲ. ಬಳಕೆಯಲ್ಲಿ ಕಂಡ ಸೂಕ್ಷ್ಮ ಭೇದಗಳನ್ನೂ ಬೇರೆ ಪದಗಳೊಡನೆ ಕೂಡಿದಾಗ ಹುಟ್ಟುವ ಅರ್ಥಗಳನ್ನೂ ನಿಘಂಟುಕಾರರು ಬಿಡಿಬಿಡಿಯಾಗಿ ಎಣಿಸಿದ್ದರಿಂದ ಸಂಖ್ಯೆ ಅಷ್ಟು ದೊಡ್ಡದಾಗಿದೆ.

ಈ ಪದದಲ್ಲಿ ಕಾಲಿನ ಓಟ, ನೀರಿನ ಹರಿವು ಎರಡೂ ಬಹಳ ಹಿಂದಿನಿಂದಲೇ ಇವೆ. ಇದರ ಬಳಗಕ್ಕೆ ಸೇರಿದ ಜರ್ಮನ್ ಭಾಷೆಯಲ್ಲಿ ‘ರಿನ್ನೆನ್’ ಎಂದರೆ ಹರಿಯುವುದು, ‘ರೆನ್ನೆನ್’ ಎಂದರೆ ಓಡುವುದು. ಕನ್ನಡಿಗರಿಗೆ ಇದು ಅಪರಿಚಿತವಾಗಬೇಕಾಗಿಲ್ಲ, ಏಕೆಂದರೆ ಹಳಗನ್ನಡದ ‘ಪರಿ’, ಅಂದರೆ ಇಂದಿನ ‘ಹರಿ’, ಓಡುವುದನ್ನೂ ಹರಿಯುವುದನ್ನೂ ಸೂಚಿಸುತ್ತಿತ್ತು. ಇಂದಿಗೂ ಪತ್ರಿಕೆಗಳು ‘ಲಾರಿ ಹರಿದು ಸವಾರ ಸಾವು’ ಎಂದೇ ಬರೆಯುತ್ತವೆ. ಮುಂದೆ ಕೈಗಾರಿಕೆಗಳು ಬೆಳೆದು ಯಂತ್ರಗಳೂ ರೈಲುಗಳೂ ಬಂದಾಗ ಅವುಗಳ ಚಲನೆಗೂ ಇಂಗ್ಲಿಷ್ ಜನ ಇದೇ ಪದವನ್ನು ಬಳಸಿದರು. ಕಂಪ್ಯೂಟರಿನ ಪ್ರೋಗ್ರಾಮಿಗೂ ಈಗ ಅದೇ ಪದವಿದೆ. ಅಮೆರಿಕದಲ್ಲಿ ಚುನಾವಣೆಗೆ ‘ರನ್’ ಆಗುತ್ತಾರೆ. ಬ್ರಿಟನ್ನಿನಲ್ಲಿ, ನಮ್ಮಲ್ಲಿಯಂತೆಯೇ, ನಿಲ್ಲುತ್ತಾರೆ.

ಅರ್ಥಗಳು ಹೆಚ್ಚಲು ವ್ಯಾಕರಣದ ಕಾರಣವೂ ಒಂದಿದೆ, ಮತ್ತು ನನ್ನ ದೃಷ್ಟಿಯಲ್ಲಿ ಕಲಿಯುವವರಿಗೆ ಅದೇ ಮುಖ್ಯವಾದುದು. ಕನ್ನಡದಲ್ಲಿ ಓಡು–ಓಡಿಸು, ನಡೆ–ನಡೆಸು, ಹರಿ–ಹರಿಸು ಎಂದು ‘ಇಸು’ ಪ್ರತ್ಯಯ ಹಚ್ಚಿ, ತಾನೇ ಮಾಡುವುದಕ್ಕೂ ಇನ್ನೊಂದರಿಂದ ಮಾಡಿಸುವುದಕ್ಕೂ ಇರುವ ಭೇದವನ್ನು ನಾವು ತೋರಿಸುತ್ತೇವೆ. ಇಂಗ್ಲಿಷಿನಲ್ಲಿ ಹುಡುಗ ಓಡಿದರೂ ಅವನ ತಂದೆ ಹೋಟೆಲು ನಡೆಸಿದರೂ ಕ್ರಿಯಾಪದದ ರೂಪ ಬದಲಾಗುವುದಿಲ್ಲ. ಹೀಗಾಗಿ ಅರ್ಥವನ್ನು ನಿರ್ಣಯಿಸಬೇಕಾದರೆ ಕರ್ತೃ ಯಾವುದು, ಕರ್ಮವಿದೆಯೇ, ಕ್ರಿಯಾಪದದ ಬೆನ್ನಿಗೆ ಯಾವ ಚಿಕ್ಕ ಪದ ಬಂದಿದೆ ಎಂಬ ಮೂರನ್ನೂ ನೋಡಲೇಬೇಕು. ಕರ್ತೃ ಮೂಗಾದರೆ ಅದು ಸೋರುತ್ತದೆ, ನಾಟಕವಾದರೆ ಪ್ರದರ್ಶನ ಕಾಣುತ್ತಿರುತ್ತದೆ. ಕರ್ಮ ಅಂಗಡಿಯಾದರೆ ‘ನಡೆಸು’ ಎಂಬುದೇ ಸರಿಯಾದ ಅನುವಾದ. ‘ಇಂಟು’ ಸೇರಿ ಕರ್ಮ ಪರಿಚಿತ ವ್ಯಕ್ತಿಯಾದರೆ ಅಕಸ್ಮಾತ್ತಾಗಿ ಎದುರಾಗುವುದು, ‘ಔಟ್’ ಸೇರಿ ಕರ್ತೃ ಹಾಲೋ ಸಕ್ಕರೆಯೋ ಆದರೆ ಮುಗಿದುಹೋಗುವುದು ಎಂದಾಗುತ್ತದೆ. ಕ್ರಿಕೆಟ್ಟಿನ ‘ರನ್ ಔಟ್’ ಮಾತ್ರ ಆ ಆಟದ್ದೇ ಆದ ಪಾರಿಭಾಷಿಕ ಪದ.

ನಿಮ್ಮ ಮಗಳು 645 ಅರ್ಥಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಇಂಗ್ಲಿಷ್ ಮಾತೃಭಾಷೆಯಾಗಿರುವವರೂ ಹಾಗೆ ಕಲಿತವರಲ್ಲ. ಕಲಿಯುವವರಿಗೆಂದೇ ಸಿದ್ಧಪಡಿಸಿದ, ಪ್ರತಿ ಅರ್ಥಕ್ಕೂ ಉದಾಹರಣೆ ವಾಕ್ಯ ಕೊಡುವ ನಿಘಂಟೊಂದನ್ನು ಅವಳ ಕೈಗೆ ಕೊಡಿ. ಓದುವಾಗ ಎದುರಾದ ವಾಕ್ಯವನ್ನು ಇಡಿಯಾಗಿ ಬರೆದುಕೊಂಡು, ಪಕ್ಕದಲ್ಲಿ ಅದೇ ಸಂದರ್ಭದಲ್ಲಿ ಕನ್ನಡದವರು ಆಡುವ ಮಾತನ್ನು ಬರೆಯಲು ಹೇಳಿ.